ಅಪ್ಪಾರಾವ್ ಮುಟ್ಟದ ಸ್ಕ್ರೂ

ಈ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದೆ. ಮೀಟರ್ ಬೋರ್ಡಿನಲ್ಲಿ ಎಂಜಿನ್ ಆಕಾರದ ಆ ಹಳದಿ ದೀಪ ಹತ್ತಿಕೊಂಡಿತು, ಹತ್ತಿದ್ದು ಆರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ ತೀರ್ಪು ಕೊಟ್ಟಳು: "ಮೊನ್ನೆ ಸರ್ವಿಸ್‌ಗೆ ಕೊಟ್ಟಿದ್ರಲ್ಲ, ಅವರೇ ಏನೋ ಎಡವಟ್ಟು ಮಾಡಿರ್ತಾರೆ." ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ. ಆ ಮಾತು ನನ್ನದು. ಇಪ್ಪತ್ತು ವರ್ಷದ ಹಿಂದೆ ವಿಶಾಖಪಟ್ಟಣದಲ್ಲಿ ಅದನ್ನೇ ಹೇಳಿ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಕೆಡಿಸಿದವನು ನಾನು. ಹೇಳಿಯೇ ಬಿಡುತ್ತೇನೆ, ಕೇಳಿ.

ಹಾಸನದಲ್ಲಿ ನೆಮ್ಮದಿಯಾಗಿದ್ದ ನನ್ನನ್ನು ಬ್ಯಾಂಕು ಎತ್ತಿ ಸಮುದ್ರದ ದಡಕ್ಕೆ ಹಾಕಿದ ಕಾಲ ಅದು. ಎಂವಿಪಿ ಕಾಲೋನಿಯಲ್ಲಿ ಬಾಡಿಗೆ ಮನೆ, ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಂದ ಕೊಂಡ ಹಳೆಯ ಕಾರು. ಕಾರಿನ ಜೊತೆ ಅವರು ಮೆಕ್ಯಾನಿಕ್‌ನನ್ನೂ ಒಪ್ಪಿಸಿ ಹೋದರು. ಎರಡು ಬೀದಿ ಆಚೆ ಬಾದಾಮಿ ಮರದ ಕೆಳಗೆ ಅಪ್ಪಾರಾವ್ ಅವರ ಶೆಡ್ಡು. ನಮ್ಮ ಬ್ಯಾಂಕಿನ ಮುಕ್ಕಾಲು ಪಾಲು ಕಾರುಗಳು ಅಲ್ಲಿಗೇ ಹೋಗುತ್ತಿದ್ದವು. ಹೋದವರನ್ನು ಮೊದಲು ಸ್ಟೂಲಿನ ಮೇಲೆ ಕೂರಿಸಿ, ಎರಡು ಟೀ ತರಿಸಿ, ತಾವೂ ಕೂತು ಕುಡಿದ ಮೇಲೆಯೇ ಬಾನೆಟ್ ಎತ್ತುವುದು ಅವರ ಪದ್ಧತಿ. ನನ್ನ ತೆಲುಗು ಅಂದರೆ ಕನ್ನಡದ ಕೊನೆಗೊಂದು ಮರ್ಯಾದೆಯ 'ಅಂಡಿ' ಸೇರಿಸುವುದು. ಪಾಪ, ಅದಕ್ಕೂ ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಒಂದು ಶನಿವಾರ ಅವರ ಹತ್ತಿರ ಸರ್ವಿಸ್ ಮುಗಿಸಿ, ಭಾನುವಾರ ಕಾರನ್ನು ಸಿಂಹಾಚಲಕ್ಕೆ ಪೂಜೆಗೆ ಒಯ್ದೆವು. ಹಳೆಯ ಕಾರಾದರೇನು, ನಮಗೆ ಹೊಸದಲ್ಲವೇ ಎಂದು ಹೆಂಡತಿಯ ವಾದ. ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಯಿತು, ಬಾನೆಟ್ಟಿಗೆ ಅರಿಶಿನ ಕುಂಕುಮವಾಯಿತು. ಬೆಟ್ಟದ ಮೇಲಿನ ಅಂಗಡಿಯಲ್ಲಿ ಒಂದು ಪುಟ್ಟ ಹಿತ್ತಾಳೆಯ ಸ್ವಾಮಿಯನ್ನು ಕೊಂಡು ಡ್ಯಾಶ್‌ಬೋರ್ಡಿಗೆ ಅಂಟಿಸಿದೆವು. ಆ ಸೆಕೆಗೆ ಯಾವ ಗೋಂದು ನಿಂತೀತು? ಇಳಿಯುವಾಗ ಎರಡನೇ ತಿರುವಿನಲ್ಲೇ ಸ್ವಾಮಿ ಉರುಳಿ ನನ್ನ ಕಾಲ ಬುಡಕ್ಕೆ ಬಂದ. "ಅಯ್ಯೋ, ಅಪಶಕುನ!" ಎಂದು ಇವಳ ಕಣ್ಣಲ್ಲಿ ನೀರು. ಮನೆಗೆ ಬಂದವನೇ ಪೀಠದ ತೂತಿಗೆ ಎರಡಂಗುಲದ ಒಂದು ಸ್ಕ್ರೂ ಇಟ್ಟು ಡ್ಯಾಶ್‌ಬೋರ್ಡಿನೊಳಕ್ಕೆ ತಿರುಗಿಸಿ ಬಿಗಿದೆ. ಫೈಲಿಗೆ ಸಹಿ ಹಾಕುವ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಬರುವ ಹುಮ್ಮಸ್ಸೇ ಬೇರೆ! ಇನ್ನು ಭೂಕಂಪವಾದರೂ ಸ್ವಾಮಿ ಅಲ್ಲಾಡುವುದಿಲ್ಲ ಎಂದು ಇವಳಿಗೆ ಭರವಸೆ ಕೊಟ್ಟೆ.

ಸೋಮವಾರ ದೀಪ ಹತ್ತಿಕೊಂಡಿತು. ಶನಿವಾರ ಸರ್ವಿಸ್, ಸೋಮವಾರ ದೀಪ. ನಡುವಿನ ಭಾನುವಾರ ನನ್ನ ಲೆಕ್ಕಕ್ಕೇ ಬರಲಿಲ್ಲ.

ಅಪ್ಪಾರಾವ್ ಎಲ್ಲಿಂದಲೋ ಸ್ಕ್ಯಾನರ್ ತರಿಸಿ ಹಾಕಿ ನೋಡಿದರು. "ಎಂಜಿನ್‌ಗೆ ಯಾವ ರೋಗವೂ ಇಲ್ಲ ಅಂಡಿ, ಕಂಪ್ಯೂಟರ್ ಎಲ್ಲ ಸರಿ ಅಂತಿದೆ." ದೀಪ ಮಾತ್ರ ನನ್ನನ್ನೇ ನೋಡುತ್ತ ಉರಿಯುತ್ತಿತ್ತು. ರೋಗವಿಲ್ಲದವನಿಗೆ ಜ್ವರ ಯಾಕ್ರೀ? ಮರುದಿನ ಮತ್ತೆ ಹೋದೆ. ಅದರ ಮರುದಿನವೂ ಹೋದೆ. ಅವರು ಬ್ಯಾಟರಿ ಬಿಚ್ಚಿ ಹಾಕಿದರು, ಪ್ಲಗ್ಗುಗಳನ್ನು ಒರೆಸಿದರು. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲೆ ಕಣ್ಣಿಟ್ಟು, ಬಹಳ ಸಂಕೋಚದಿಂದ ಕೇಳಿದರು: "ಸ್ವಾಮಿಯನ್ನ ಒಂದ್ನಿಮಿಷ ಎತ್ತಬಹುದಾ ಅಂಡಿ?"

ನಾನು ಹರಿಹಾಯ್ದೆ. "ದೇವರಿಗೂ ಎಂಜಿನ್‌ಗೂ ಏನ್ರೀ ಸಂಬಂಧ? ಪೂಜೆ ಮಾಡಿ ಕೂರಿಸಿದ್ದು. ನೀವು ಕೆಡಿಸಿದ್ದನ್ನ ಮೊದಲು ಸರಿ ಮಾಡಿ!" ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಸಿಂಹಾಚಲದ ಸ್ವಾಮಿಯನ್ನು ಅಲ್ಲಿಯವರು ಕರೆಯುವುದೇ ಸಿಂಹಾದ್ರಿ ಅಪ್ಪನ್ನ ಎಂದು; ಆ ಹೆಸರನ್ನೇ ಇಟ್ಟುಕೊಂಡ ಮನುಷ್ಯ. ದೇವರನ್ನು ಕೀಳುತ್ತೇನೆ ಎಂದು ಜಗಳವಾಡುವುದು ಅವರಿಂದ ಸಾಧ್ಯವಿರಲಿಲ್ಲ. "ಸರಿ ಅಂಡಿ," ಎಂದಷ್ಟೇ ಅಂದರು.

ನಾನು ಅಷ್ಟಕ್ಕೆ ಬಿಟ್ಟೆನೇ? ಬ್ಯಾಂಕಿನಲ್ಲಿ ಟೀ ಹೊತ್ತಿಗೆ ದಿನಾ ಅದೇ ಪಾರಾಯಣ. "ಆ ಅಪ್ಪಾರಾವ್ ಹತ್ತಿರ ಮಾತ್ರ ಹೋಗಬೇಡಿ, ಸರಿಯಿದ್ದ ಕಾರನ್ನೂ ಕೆಡಿಸ್ತಾನೆ." ಕೋಪ ಬಂದವನ ಮಾತನ್ನು ಜನ ಬೇಗ ನಂಬುತ್ತಾರೆ. ಒಬ್ಬೊಬ್ಬರೇ ಬೇರೆ ಕಡೆ ಹೋಗತೊಡಗಿದರು. ಬಾದಾಮಿ ಮರದ ಕೆಳಗೆ ನಮ್ಮ ಕಾರುಗಳು ಕಾಣದಾದವು. ನನಗೋ, ನ್ಯಾಯ ದೊರಕಿಸಿಕೊಟ್ಟ ಸಮಾಧಾನ.

ದೀಪಕ್ಕೆ ಇದಾವುದೂ ನಾಟಲಿಲ್ಲ. ಮುಂದಿನ ತಿಂಗಳು ವಿಜಯವಾಡದಲ್ಲಿ ಎರಡು ದಿನದ ಮೀಟಿಂಗು ಬಂತು. ಇವಳಿಗೆ ದುರ್ಗಮ್ಮನ ದರ್ಶನವಾಗಬೇಕು, ಕಾರಿನಲ್ಲೇ ಹೊರಟೆವು. ಅನಕಾಪಲ್ಲಿ ದಾಟುವುದರೊಳಗೆ ಆ ದೀಪ ನೋಡಿ ನೋಡಿ ಸಾಕಾಗಿ, ಇವಳು ಹಣೆಯ ಸ್ಟಿಕರ್ ಬೊಟ್ಟು ತೆಗೆದು ಅದರ ಮೇಲೆ ಅಂಟಿಸಿಬಿಟ್ಟಳು. ಬೊಟ್ಟಿನ ಸುತ್ತಲಿಂದ ಹಳದಿ ಬೆಳಕು ಇಣುಕುತ್ತಲೇ ಇತ್ತು. "ನಿಮ್ಮ ಕಾರಿಗೆ ಮಾತ್ರ ಮುತ್ತೈದೆ ಭಾಗ್ಯ ಬಂತು ನೋಡಿ," ಅಂದಳು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಿಜಯವಾಡದಲ್ಲಿ ಗ್ಯಾರೇಜುಗಳೇ ತುಂಬಿದ ಆಟೋನಗರಕ್ಕೆ ಕಾರು ಒಯ್ದೆವು. ಅಲ್ಲಿ ಮಸ್ತಾನ್ ಸಾಹೇಬರೆಂಬ ವಯಸ್ಸಾದ ಎಲೆಕ್ಟ್ರೀಷಿಯನ್ ಇದ್ದರು. ನನ್ನ ದೂರನ್ನೆಲ್ಲ ಕೇಳಿಸಿಕೊಂಡು, ಮೊದಲು ಬೊಟ್ಟನ್ನು ಜೋಪಾನವಾಗಿ ಬಿಡಿಸಿ ಇವಳ ಕೈಗೆ ಕೊಟ್ಟರು. ಆಮೇಲೆ ದೀಪ ಹತ್ತಿಸುವ ಕಂಪ್ಯೂಟರ್ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತು ಕೀಲಿ ತಿರುಗಿಸಿದರು. ದೀಪ ಹತ್ತಿತು! "ನೋಡಿದ್ರಾ ಸಾರ್? ಹೇಳಬೇಕಾದವನ ಬಾಯಿ ಮುಚ್ಚಿದ್ದೀನಿ, ಆದ್ರೂ ಮಾತು ಕೇಳ್ತಿದೆ. ಅಂದ್ರೆ ಮಧ್ಯದಲ್ಲಿ ಇನ್ಯಾರೋ ಮಾತಾಡ್ತಿದ್ದಾರೆ. ದೀಪದ ವೈರು ಎಲ್ಲೋ ಕಾರಿನ ಕಬ್ಬಿಣಕ್ಕೆ ತಾಗಿದೆ." ಅವರ ಕಣ್ಣು ಸ್ವಾಮಿಯ ಮೇಲೆ ನಿಂತಿತು. "ದೇವರನ್ನ ನಾನು ಮುಟ್ಟಲ್ಲ. ಸಾರ್, ಸ್ಕ್ರೂ ನೀವೇ ಬಿಚ್ಚಿ. ಅಮ್ಮಾ, ನೀವು ಸ್ವಾಮಿಯನ್ನ ಹಿಡ್ಕೊಳ್ಳಿ."

ಬಿಚ್ಚಿದೆ. ಒಂದು ಸುತ್ತು, ಎರಡು ಸುತ್ತು. ಐದನೇ ಸುತ್ತಿಗೆ ದೀಪ ಆರಿತು.

ನನ್ನ ಎರಡಂಗುಲದ ಸ್ಕ್ರೂ ವೈರನ್ನು ಸೀಳಿಕೊಂಡು ಹೋಗಿ ಒಳಗಿನ ಕಬ್ಬಿಣದ ಪಟ್ಟಿಗೆ ತಾಗಿ ಕೂತಿತ್ತು. ಸಾಹೇಬರು ಡ್ಯಾಶ್‌ಬೋರ್ಡಿನ ಮೇಲಿನ ಮುಚ್ಚಳ ಎತ್ತಿ ವೈರಿಗೆ ಟೇಪು ಸುತ್ತುತ್ತ, "ಯಾರು ಹೊಡೆದದ್ದು ಇದನ್ನ?" ಎಂದು ಕೇಳಿದರು. ಇವಳು ಸ್ವಾಮಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. ನಾನು ಸ್ಕ್ರೂವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ವಾಪಸು ದಾರಿಯುದ್ದಕ್ಕೂ ದೀಪವಿಲ್ಲದ ಆ ಮೀಟರ್ ಬೋರ್ಡನ್ನು ನೋಡುವುದೇ ನನಗೆ ಕಷ್ಟವಾಯಿತು.

ಮರುದಿನವೇ ಸ್ಕ್ರೂವನ್ನು ಜೇಬಿನಲ್ಲಿಟ್ಟುಕೊಂಡು ಶೆಡ್ಡಿಗೆ ಹೋದೆ. ತಪ್ಪು ನನ್ನದೇ, ಕ್ಷಮಿಸಿ ಅಂದೆ. ಅಪ್ಪಾರಾವ್ ಸ್ಕ್ರೂವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೇ ವಾಪಸು ಕೊಟ್ಟರು. "ನನಗೆ ಹೇಳಿ ಏನು ಲಾಭ ಅಂಡಿ? ನಾನು ಕೆಡಿಸಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ." ಅಂದು ಟೀ ಬರಲಿಲ್ಲ.

ಹೇಳಲು ನನಗೆ ಮೂರು ವಾರ ಬೇಕಾಯಿತು, ಸುಳ್ಳು ಹೇಳುವುದಿಲ್ಲ. ದಿನಾ ಟೀ ಹೊತ್ತಿಗೆ ಸ್ಕ್ರೂ ಜೇಬಿನಲ್ಲೇ ಉಳಿಯುತ್ತಿತ್ತು. ಒಂದು ದಿನ ಕ್ಯಾಷಿಯರ್ ಶಾಸ್ತ್ರಿ, "ನೀವು ಎಚ್ಚರಿಸಿದ್ದು ಒಳ್ಳೇದಾಯ್ತು ಸಾರ್," ಎಂದು ಥ್ಯಾಂಕ್ಸ್ ಹೇಳಿದಾಗ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟು ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು, ತಿಂಗಳುಗಟ್ಟಲೆ ಆಡಿಕೊಂಡರು. ಆದರೆ ಅಪ್ಪಾರಾವ್ ಹತ್ತಿರ ಮರಳಿ ಹೋದವರು ಶಾಸ್ತ್ರಿ ಒಬ್ಬರೇ. ಉಳಿದವರಿಗೆ ಹೊಸ ಮೆಕ್ಯಾನಿಕ್ ಅಭ್ಯಾಸವಾಗಿಬಿಟ್ಟಿದ್ದ. ಅದಕ್ಕೆ ಏನು ಮಾಡಲಿ? ಏನೂ ಮಾಡಲಾಗಲಿಲ್ಲ.

ನಾನು ಅಲ್ಲಿಗೇ ಹೋಗುತ್ತಿದ್ದೆ. ಅಚ್ಚುಕಟ್ಟಾದ ಕೆಲಸ, ಎರಡು ಮಾತು, ಟೀ ಇಲ್ಲ. ವರ್ಗವಾಗಿ ಹೊರಡುವ ಮುನ್ನ ಕೊನೆಯ ಸಲ ಕಾರು ತೋರಿಸಲು ಹೋದಾಗ ಅಪ್ಪಾರಾವ್ ಕೈ ತೊಳೆದು ಬಂದು, ಕೈ ಮುಗಿದು, ಈಗ ಸ್ಕ್ರೂ ಇಲ್ಲದೆ ಟೇಪಿನ ಮೇಲೆ ಕೂತಿದ್ದ ಸ್ವಾಮಿಯನ್ನು ನನ್ನನ್ನು ಕೇಳದೆಯೇ ಎತ್ತಿ ಪಕ್ಕಕ್ಕಿಟ್ಟರು. ಮುಚ್ಚಳ ಎತ್ತಿ, ಟೇಪು ಸುತ್ತಿದ ವೈರನ್ನು ಬೆರಳಲ್ಲಿ ಒತ್ತಿ ನೋಡಿ, ಸ್ವಾಮಿಯನ್ನು ಮತ್ತೆ ಕೂರಿಸಿ, ರಸ್ತೆಯಾಚೆಗೆ ಕೂಗಿ ಎರಡು ಟೀ ಹೇಳಿದರು. ನಾನು ಸ್ಟೂಲು ಎಳೆದುಕೊಂಡು ಕೂತೆ.

ಈ ಬೆಳಿಗ್ಗೆ ಹೆಂಡತಿಯ ತೀರ್ಪು ಕೇಳಿದವನೇ ಗ್ಯಾರೇಜಿಗೆ ಫೋನ್ ಮಾಡಿದೆ. "ಎಂಜಿನ್ ಲೈಟ್ ಹತ್ತಿದೆ, ಕಾರು ತರ್ತಿದೀನಿ," ಅಂದೆ. ಆ ಕಡೆಯವನು ಹೆದರಿದ: "ಸಾರ್, ಸರ್ವಿಸ್‌ನಲ್ಲಿ ನಾವೇನೂ..."

"ಇಲ್ಲಪ್ಪ, ಕೇಳು. ಭಾನುವಾರ ಮುಂದಿನ ಗಾಜಿಗೆ ಒಂದು ಕ್ಯಾಮೆರಾ ಕೂರಿಸಿದೀನಿ. ಅದರ ವೈರನ್ನ ನಾನೇ ಡ್ಯಾಶ್‌ಬೋರ್ಡ್ ಒಳಗೆ ತುರುಕಿದೀನಿ. ಮೊದಲು ಅದನ್ನ ಬಿಚ್ಚಿ ನೋಡು. ಬಿಚ್ಚೋಕೆ ನನ್ನನ್ನ ಕೇಳ್ಬೇಡ."