ದೇವರ ಡಬ್ಬಿಯ ಹುಳ

ಹುಳ ಬಿದ್ದ ಅಕ್ಕಿಯ ವಾಸನೆ ನಿಮಗೂ ಗೊತ್ತಿರುತ್ತದೆ. ಮುಗ್ಗಲು, ಜೊತೆಗೆ ಒಂಚೂರು ಹುಳಿ, ಒದ್ದೆ ಗೋಣಿಚೀಲವನ್ನು ಯಾರೋ ಮೂಗಿಗೆ ಒತ್ತಿ ಹಿಡಿದ ಹಾಗೆ. ಹೋದ ವಾರ ಹಿರಿಯೂರಿನ ನಮ್ಮ ಬಾಡಿಗೆ ಮನೆ ಖಾಲಿ ಮಾಡುವಾಗ ಅಡುಗೆಮನೆಯ ಹಲಗೆಯಿಂದ ಹಾಲಿನ ಪುಡಿಯ ಹಳೇ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ತೆಗೆದವನೇ ಬಚ್ಚಲಿಗೆ ಓಡಿದೆ. ಕಾಳುಗಳು ಬಲೆ ಕಟ್ಟಿ ಗಂಟುಗಂಟಾಗಿದ್ದವು, ನಡುವೆ ಬಿಳೀ ಹುಳಗಳು ಭಾನುವಾರದ ಊಟ ಮುಗಿಸಿದ ಚರ್ಚ್ ಸಭೆಯ ಹಿರಿಯರ ಹಾಗೆ ನಿಧಾನಕ್ಕೆ ಹೊರಳುತ್ತಿದ್ದವು. ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಅವಳು ಇದ್ದಷ್ಟು ದಿನ ಆ ಡಬ್ಬಿಯಲ್ಲಿ ಒಂದೇ ಒಂದು ಹುಳ ತಲೆ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

ಅದು ದೇವರ ಡಬ್ಬಿ. ನಮ್ಮ ಸಭೆಯಲ್ಲಿ ಪ್ರತಿ ಮನೆಯ ಹೆಂಗಸೂ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಇಡಬೇಕು. ತಿಂಗಳ ಕೊನೆಗೆ ಅದನ್ನೆಲ್ಲ ಚರ್ಚಿಗೆ ತಂದು ಸುರಿದರೆ ಮೊದಲ ಭಾನುವಾರ ಎಲ್ಲರಿಗೂ ಪ್ರೀತಿ ಭೋಜನ. ಕೇಳಲು ಎಷ್ಟು ಚೆಂದ! ಆದರೆ ದೇವರು ಬಾಯಿ ಬಿಟ್ಟು ಬೈಯುವುದಿಲ್ಲ ಎಂಬುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಮನೆಯವರು ಉಣ್ಣದ, ಕೋಳಿಯೂ ಮುಖ ತಿರುಗಿಸುವ ಅಕ್ಕಿಯೇ ಹೆಚ್ಚಾಗಿ ಬರುತ್ತಿತ್ತು. ಆ ಚೀಲಗಳೆಲ್ಲ ಶನಿವಾರ ನಮ್ಮ ಮನೆಯ ಅಂಗಳಕ್ಕೆ ಬಂದು ಇಳಿಯುತ್ತಿದ್ದವು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಅಮ್ಮ, ಎಸ್ತೇರಮ್ಮ, ಊರ ಮಕ್ಕಳ ಮೂಗು ಒರೆಸಿ ಬಂದವಳು, ಸೆರಗು ತಲೆಗೆ ಹೊದ್ದು ಮೊರ ಹಿಡಿದು ಕೂರುತ್ತಿದ್ದಳು. ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ, ಮತ್ತು ಊರವರ ಹುಳಗಳು. ಅಮ್ಮ ಕೇರಿ, ಆರಿಸಿ, ಕೆಟ್ಟದ್ದನ್ನು ಚೆಲ್ಲಿ, ಕಡಿಮೆ ಬಿದ್ದದ್ದನ್ನು ನಮ್ಮ ಪಾತ್ರೆಯಿಂದ ತುಂಬುತ್ತಿದ್ದಳು. ಹುಳಗಳು ನನ್ನ ಚಡ್ಡಿಯೊಳಗೆ ಹತ್ತುತ್ತಿದ್ದವು. ನಾನು ಥೂ ಎಂದರೆ ಅವಳು, “ಅದೂ ಜೀವ ಕಣಲೇ. ನಿನ್ನಂಗೆ ಕುಂತು ತಿಂತೈತೆ, ಅಷ್ಟೇ” ಎನ್ನುತ್ತಿದ್ದಳು.

ಮತ್ತೆ ಆ ಪ್ರಾರ್ಥನೆ. ಒಂದೊಂದು ಚೀಲ ಮೊರಕ್ಕೆ ಸುರಿದಾಗಲೂ ಆ ಮನೆಯವರ ಹೆಸರು ಹೇಳಿ, ಮೂಗನ್ನು ಸರ್ರೆಂದು ಎಳೆದು, ಬೇಡುತ್ತಿದ್ದಳು. “ಯೇಸಪ್ಪಾ, ಇದು ಪ್ರೇಮಲತಾ ಟೀಚರ್ ಮನೆ ಅಕ್ಕಿ. ಹುಳ ಬಿದ್ದೈತೆ. ಅವ್ರ ಮನಸ್ಸಿಗೆ ಬೀಳದಂಗೆ ನೋಡ್ಕಳಪ್ಪ. ಮಗಳು ಗಂಡನ ಮನೆ ಬಿಟ್ಟು ಬಂದು ಕುಂತೈತೆ, ಆ ಕೂಸಿಗೊಂದು ದಾರಿ ತೋರ್ಸು.” ಟೀಚರ್ ನಮ್ಮ ಸಭೆಯ ಸ್ತ್ರೀಯರ ಸಂಘದ ಕಾರ್ಯದರ್ಶಿ. ಮಗಳು ರಜೆಗೆ ಬಂದಿದ್ದಾಳೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದವರು, ಅತ್ತದ್ದು ಮಾತ್ರ ನಮ್ಮ ಅಡುಗೆಮನೆಯಲ್ಲಿ. ಹೀಗೆ ಊರಿನ ಹೊಟ್ಟೆಯೊಳಗಿನದ್ದೆಲ್ಲ ಅಮ್ಮನ ಮೊರದ ಮೇಲೆ ಹರಡಿಕೊಳ್ಳುತ್ತಿತ್ತು. ಕೇಳುವವರು ಇಬ್ಬರೇ: ಯೇಸಪ್ಪ, ಮತ್ತು ನಾನು. ಯೇಸಪ್ಪ ಗುಟ್ಟು ಕಾಪಾಡಿದ.

ನಾನು ಮಿಮಿಕ್ರಿಯವನು. ಈಗ ಚಿತ್ರದುರ್ಗದ ಕಡೆ ಮದುವೆ ಆರ್ಕೆಸ್ಟ್ರಾಗಳಲ್ಲಿ ನಟರು, ನಾಯಿ, ಕುಕ್ಕರ್, ಕೆಟ್ಟುಹೋದ ಬಸ್ಸು ಎಲ್ಲ ಮಾಡುತ್ತೇನೆ. ನಿನ್ನ ಸ್ವಂತ ದನಿ ಯಾವುದಪ್ಪ ಎಂದರೆ ಸ್ವಲ್ಪ ಹುಡುಕಬೇಕು. ಹದಿನಾಲ್ಕನೇ ವಯಸ್ಸಿಗೇ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ನನ್ನದೊಂದು ಐಟಂ ಇತ್ತು. ಪಾದ್ರಿ ಅಯ್ಯನವರ ಪ್ರಸಂಗದ ನಡುವಿನ ಕೆಮ್ಮು ಮಾಡಿದೆ, ಅಯ್ಯನವರೇ ನಕ್ಕರು. ಕೀಬೋರ್ಡ್ ಬಾರಿಸುವವನ ಭುಜ ಕುಣಿಸಿದೆ, ಶಿಳ್ಳೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಚಪ್ಪಾಳೆಯ ಹೊಲಸು ಚಟ ನೋಡಿ, ಅದು ಹುಳಕ್ಕಿಂತ ಬೇಗ ಮರಿ ಹಾಕುತ್ತದೆ. ಟವೆಲ್ ತಲೆಗೆ ಹೊದ್ದು, ಟೀ ತಟ್ಟೆಯನ್ನು ಮೊರ ಮಾಡಿಕೊಂಡು, ಮೂಗೆಳೆದೆ. “ಯೇಸಪ್ಪಾ…”

ನೆರೆದವರೆಲ್ಲ ಹೋ ಎಂದು ನಕ್ಕರು. ಒಂದು ಮನೆ, ಎರಡು ಮನೆ. ಯಾರ ಅಕ್ಕಿ ಎದ್ದು ನಡೆಯುತ್ತದೆ, ಯಾರದ್ದು ಮೊರ ದಾಟಿ ಐಮಂಗಲದ ಬಸ್ಸು ಹತ್ತುತ್ತದೆ, ಎಲ್ಲ ಹೇಳಿದೆ. ಮೂರನೆಯದು ಟೀಚರ್ ಮನೆ. ನಾಲಿಗೆ ರೂಢಿಯಂತೆ ಓಡಿತು: ಹುಳ, ಮನಸ್ಸು, ಮಗಳು, ಗಂಡನ ಮನೆ, ದಾರಿ. ಒಂದಕ್ಷರ ಬಿಡಲಿಲ್ಲ. ನಗು ನಿಂತಾಗ ನಾನು ಇನ್ನೂ ಮೂಗೆಳೆಯುತ್ತಿದ್ದೆ. ಎರಡನೇ ಬೆಂಚಿನಲ್ಲಿ ಟೀಚರ್ ಮಗಳು ತಲೆ ತಗ್ಗಿಸಿದಳು. ಹಿಂದಿನ ಸಾಲಿನಲ್ಲಿ ಅಮ್ಮ ತನ್ನದೇ ಸೆರಗನ್ನು ಮೆಲ್ಲಗೆ ತಲೆಯಿಂದ ಕೆಳಗಿಳಿಸಿದಳು.

ಮಾರನೆಯ ದಿನ ಟೀಚರ್ ಬಂದು ಹೊಸ್ತಿಲಾಚೆಯೇ ನಿಂತರು. “ಎಸ್ತೇರಮ್ಮ, ಇನ್ ಮ್ಯಾಲೆ ಹಿಡಿ ಅಕ್ಕಿ ಕೆಲಸ ನೀವು ನೋಡ್ಕಳದು ಬ್ಯಾಡ. ನಮ್ಮ ಮನೆ ಅಕ್ಕಿ ಇಟ್ಕಂಡು ನಮ್ಮನ್ನೇ ಆಡ್ಕಳೋರು ಬ್ಯಾಡ.”

“ಹಂಗೇ ಆಗ್ಲಿ ಟೀಚರ್. ಒಳಗೆ ಬರ್ರಿ, ಕಾಫಿ ಕುಡೀರಿ.”

ಅವರು ಕುಡಿಯಲಿಲ್ಲ. ಚೀಲಗಳು ಹೋದವು. ಬೈಯುತ್ತಾಳೆ ಎಂದು ನಾನು ಮೂಲೆಯಲ್ಲಿ ಕಾದೆ. ಅಮ್ಮ ಮೊರವನ್ನು ಗೋಡೆಗೆ ತಗುಲಿಸಿ, ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: “ನಾನು ಹಂಗಾ ಮೂಗೆಳೀತೀನಿ?” ನಾನು ಕೊಡ ಎತ್ತಿಕೊಂಡು ನೀರಿಗೆಂದು ಹೊರಟುಬಿಟ್ಟೆ.

ಆಮೇಲೆ ಅವಳು ಬಾಯಿ ಬಿಟ್ಟು ಪ್ರಾರ್ಥಿಸಿದ್ದನ್ನು ಯಾರೂ ಕೇಳಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ದಿನಾ ಒಂದು ಹಿಡಿ ಅಕ್ಕಿ ಮಾತ್ರ ತಪ್ಪಿಸಲಿಲ್ಲ. ಪ್ರೀತಿ ಭೋಜನದ ಅನ್ನದಲ್ಲಿ ಈಗ ಕಪ್ಪು ತಲೆಯ ಹುಳಗಳು ಬೆಂದು ಬರುತ್ತಿದ್ದವು. ಅಮ್ಮ ಅವನ್ನು ಎಲೆಯ ಅಂಚಿಗೆ ಸಾಲಾಗಿ ಸರಿಸಿ, ಉಳಿದದ್ದನ್ನು ಉಂಡು, ಸ್ತೋತ್ರ ಹೇಳಿ ಏಳುತ್ತಿದ್ದಳು. ಅವಳ ಎಲೆಯಂಚು ಕಂಡಾಗೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಹುಳಕ್ಕೆ ಹೇಸಿಯೋ ನನಗೇ ಹೇಸಿಯೋ, ಬೇರೆ ಮಾಡಿ ಹೇಳಲಾರೆ.

ಅವಳ ಸ್ಮರಣೆಯ ಕೂಟಕ್ಕೆ ಫ್ಲೆಕ್ಸ್ ಹಾಕಿಸಿದ್ದರು. ಬದುಕಿದ್ದಾಗ ಹಿಂದಿನ ಬೆಂಚಿನಿಂದ ಒಂದು ಸಾಲು ಮುಂದೆ ಬಾ ಎನ್ನದವರು ಒಬ್ಬೊಬ್ಬರಾಗಿ ಮೈಕು ಹಿಡಿದು “ಪ್ರಾರ್ಥನೆಯ ತಾಯಿ” ಎಂದು ಕಣ್ಣೊರೆಸಿಕೊಂಡರು. ಎಂಥ ನಟರು! ನನ್ನ ಹೊಟ್ಟೆಪಾಡಿಗೇ ಕುತ್ತು ತರುವಂಥವರು. ಊಟವಾದ ಮೇಲೆ ಪ್ರೇಮಲತಾ ಟೀಚರ್ ಕೋಲೂರಿಕೊಂಡು ಬಂದು ನನ್ನ ಕೈ ಹಿಡಿದರು. ಅವರ ಬೆರಳಿಗೆ ಸಾರಿನ ಜಿಡ್ಡಿತ್ತು.

“ಡ್ಯಾನಿ, ನಿಮ್ಮಮ್ಮನ ದನೀಲಿ ಒಂದ್ಸಲ ನಮ್ಮನೆ ಹೆಸ್ರು ಹೇಳಿ ಪ್ರಾರ್ಥನೆ ಮಾಡಪ್ಪ. ನಮ್ಮ ಹುಡುಗೀಗೆ ಇನ್ನೂ ದಾರಿ ಸಿಕ್ಕಿಲ್ಲ. ಅವತ್ತಿಂದ ಯಾರೂ ಹಂಗೆ ಬೇಡ್ಕಂಡಿಲ್ಲ.”

“ಆ ದನಿ ನಂಗೆ ಬರಲ್ಲ ಟೀಚರ್,” ಎಂದು ಕೈ ಕಿತ್ತುಕೊಂಡೆ. ಅಸಹ್ಯ ಎಷ್ಟಿತ್ತೆಂದರೆ, ಸೋಪು ಹಚ್ಚಿ ಎರಡು ಸಲ ತೊಳೆದೆ. ತೊಳೆಯುವಾಗ ಗೊತ್ತಾಯಿತು, ಆ ಮುದುಕಿ ಅಂದು ಸಂಜೆ ಅಲ್ಲಿ ನಟಿಸದೆ ಮಾತಾಡಿದ ಒಬ್ಬಳೇ ಒಬ್ಬಳು. ಸುಳ್ಳು ಹೇಳಿದವನು ನಾನು.

ಇದೆಲ್ಲ ಆಗಿ ಈಗ ಈ ಡಬ್ಬಿ. ಅವಳ ಕೊನೆಯ ಹಿಡಿಗಳು. ಚೆಲ್ಲಲೆಂದು ಹಿತ್ತಿಲವರೆಗೂ ಹೋಗಿ ವಾಪಸು ಬಂದೆ. ಗೋಡೆಯಿಂದ ಮೊರ ತೆಗೆದೆ, ಖಾಲಿ ಅಂಗಳದಲ್ಲಿ ಕುಂತೆ, ಗಂಟುಗಳನ್ನು ಬೆರಳಲ್ಲೇ ಒಡೆದೆ. ಹುಳಗಳು ಮಣಿಕಟ್ಟಿಗೆ ಹತ್ತಿದವು. ಹತ್ತಲಿ ಎಂದು ಬಿಟ್ಟೆ. ಎರಡು ಹಿಡಿಯಷ್ಟು ಹಸನಾದ ಅಕ್ಕಿ ಉಳಿಯಿತು. ಆಗ ಬಾಯಿ ತಾನಾಗಿ ತೆರೆಯಿತು.

“ಯೇಸಪ್ಪಾ, ಇದು ಟೀಚರ್ ಮನೆಗೆ. ಆ ಕೂಸಿಗೊಂದು ದಾರಿ ತೋರ್ಸು. ಮತ್ತೆ ಇದು… ಇದು ನಮ್ಮನೆ ಅಕ್ಕಿ. ಹುಳ ಬಿದ್ದೈತೆ.”

ಮೂಗು ಸರ್ರೆಂದಿತು.

ಹೂನಮ್ಮ. ನೀನು ಹಂಗೇ ಮೂಗೆಳೀತಿದ್ದೆ.