ಪ್ಯೂರ್ ವೆಜ್ ಸುಶಿ, ಎಳ್ಳೆಣ್ಣೆ ಸಹಿತ

ಎಳ್ಳು ತಿಂದರೆ ನನ್ನ ಗಂಟಲು ಊದಿ ಉಸಿರು ಕಟ್ಟುತ್ತದೆ. ಐರೋಲಿಯ ಸುಶಿ ಹೋಟೆಲಿನಲ್ಲಿ ಆಫೀಸಿನ ಊಟವಿದ್ದ ದಿನ ವೇಟರಿಗೆ ಇದನ್ನು ಬಿಡಿಸಿ ಹೇಳಿದ್ದೆ. "ಮೇಲೆ ಎಳ್ಳು ಉದುರಿಸಿಲ್ಲ ಸರ್, ಪ್ಯೂರ್ ವೆಜ್," ಎಂದು ಸೌತೆಕಾಯಿ ಸುಶಿ ತಂದಿಟ್ಟ. ಎಳ್ಳು ಮಾಂಸವೆಂದು ನಾನೆಲ್ಲಿ ಹೇಳಿದ್ದೆ?

ಒಂದು ತುಂಡು ಬಾಯಿಗಿಡುವಷ್ಟರಲ್ಲಿ ಅಕೌಂಟ್ಸಿನ ವೈಶಾಲಿತಾಯಿ, ಆಫೀಸಿಗೆಲ್ಲ ಮರಾಠಿ ಅಕ್ಕ, "ಥಾಂಬಾ ಸರ್, ತಿನ್ನಬೇಡಿ!" ಎಂದು ನನ್ನ ತಟ್ಟೆಯನ್ನೇ ಎಳೆದುಕೊಂಡರು. ಮೂಸಿ ನೋಡಿ ವೇಟರನ್ನು ಕರೆದರು. "ಸೌತೆಕಾಯಿಗೆ ಯಾವ ಎಣ್ಣೆ ಸವರಿದ್ದಾರೆ? ಒಳಗೆ ಕೇಳ್ಕೊಂಡು ಬಾ."

ಎಳ್ಳೆಣ್ಣೆಯೇ. ಅಡುಗೆಯವರು ಹಲಗೆ, ಚಾಕು ತೊಳೆದು ಬೇರೆ ಮಾಡಿಕೊಟ್ಟರು.

"ನನ್ನ ಅಲರ್ಜಿ ನಿಮಗೆ ನೆನಪಿತ್ತೇ?" ಎಂದೆ.

"ಮರೆಯೋದು ಹೇಗೆ ಸರ್? ಸಂಕ್ರಾಂತಿಗೆ ಎಳ್ಳುಬೆಲ್ಲದ ತಿಳ್‌ಗೂಳ್ ಉಂಡೆ ಕೊಟ್ಟರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲೋರು ಇಡೀ ಆಫೀಸಲ್ಲಿ ನೀವೊಬ್ಬರೇ. ಕಾರಣ ಗೊತ್ತಾಗೋವರೆಗೂ ಮನೇಲಿ ದಿನಾ ನಿಮ್ಮನ್ನ ಬೈತಿದ್ದೆ."

ಆ ಬೈಗುಳವೇ ನನ್ನನ್ನು ಕಾಪಾಡಿತು. ಹೊಸ ತಟ್ಟೆ ಬಂತು. ತಣ್ಣನೆಯ ಅನ್ನ, ಒಗ್ಗರಣೆಯಿಲ್ಲ, ಉಪ್ಪೂ ಸಾಲದು. ಆದರೂ ವೈಶಾಲಿತಾಯಿಯ ಎದುರು ಒಂದೂ ತಪ್ಪು ಹುಡುಕದೆ ತಿಂದು ಮುಗಿಸಿದೆ. ನನ್ನ ಹೆಂಡತಿಯನ್ನು ಕೇಳಿ, ಇದಕ್ಕಿಂತ ದೊಡ್ಡ ಕೃತಜ್ಞತೆ ನನ್ನಿಂದ ಯಾರಿಗೂ ಸಂದಿಲ್ಲ.