ಸೊನ್ನೆಯಿಂದ ಮೇಲೆದ್ದ ಗೆರೆ

ದೀಪಾವಳಿ ರಜೆಗೆ ಎಲ್ಲರೂ ಊರಿಗೆ ಹೋದ ಮರುದಿನ ಮಧ್ಯಾಹ್ನ, ಪುಣೆಯ ನಮ್ಮ ಪ್ರಯೋಗಾಲಯದಲ್ಲಿ, ಹರಳನ್ನು ತಣ್ಣಗಾಗಿಸುವ ದ್ರವ ಹೀಲಿಯಂ ಪಾತ್ರೆಯ ಎಡಕ್ಕೆ, ಕಂಪ್ಯೂಟರಿನ ಪರದೆ ನೇರವಾಗಿ ಕಾಣುವಲ್ಲಿ ನಾನು ನಿಂತಿದ್ದೆ. ಕುರ್ಚಿಯಲ್ಲಿ ನನ್ನ ಪಿಎಚ್.ಡಿ. ಗೈಡ್ ಇದ್ದರು. ಧಾರವಾಡದವರು, ಕಾಯಿಲೆಯಿಂದ ಸೊರಗಿದ್ದರು. ಬಾಗಿಲ ಬಳಿ ಹೀಲಿಯಂ ತುಂಬಿಸುವ ಕಲಬುರಗಿಯವರು.

ಪಾತ್ರೆಯೊಳಗೆ ಭಾರೀ ಒತ್ತಡದಲ್ಲಿ ಬಿಗಿದಿಟ್ಟಿದ್ದದ್ದು ಹಾಳೆಯ ಮೇಲೆ ಹಾಳೆ ಇಟ್ಟಂಥ ರಚನೆಯ ಹರಳಿನ ಚೂರು. ತಣ್ಣಗಾದಂತೆ ಅದರ ಎಲೆಕ್ಟ್ರಾನುಗಳಲ್ಲಿ ಹಲವು ಅಲೆಯಂತೆ ಸಾಲುಗಟ್ಟಿ ನಿಂತುಬಿಡುತ್ತವೆ. ಅವೇ ಎಲೆಕ್ಟ್ರಾನುಗಳು ಜೋಡಿಯಾದರೆ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುತ್ತದೆ. ಸಾಲಿಗೆ ಸಿಕ್ಕವು ಜೋಡಿಗೆ ಸಿಗುವುದಿಲ್ಲ. ಬಲವಾಗಿ ಒತ್ತಿದರೆ ಸಾಲು ಕರಗಿ ಜೋಡಿಗಳು ಹುಟ್ಟುವುದನ್ನು ಬೇರೆ ಹರಳುಗಳಲ್ಲಿ ಇತರರು ಕಂಡಿದ್ದರು. ಗೈಡ್ ಬೆಳೆಸಿದ ಹರಳಿನಲ್ಲಿ ಯಾರೂ ಕಂಡಿರಲಿಲ್ಲ. ಅವರಿಗೆ ಅದನ್ನೊಮ್ಮೆ ನೋಡಿ ಹೋಗಬೇಕಿತ್ತು.

ಪರದೆಯ ಗೆರೆ ಹರಳಿನ ತಡೆಯನ್ನು ತೋರಿಸುತ್ತಿತ್ತು. ಸಾಲುಗಟ್ಟುವಾಗ ಪ್ರತಿ ಸಲ ಕಾಣುವ ಉಬ್ಬು ಆ ದಿನ ಬರಲಿಲ್ಲ. ಇನ್ನಷ್ಟು ತಣ್ಣಗಾದ ಮೇಲೆ ಗೆರೆ ಥಟ್ಟನೆ ಸೊನ್ನೆಗೆ ಬಿತ್ತು.

“ಸೊನ್ನಿ ನೋಡ್ಲಿಕ್ಕೆ ಇಷ್ಟ ವರ್ಷ ಕುಂತ್ರೇನ್ರಿ ಮೇಡಂ?” ಎಂದರು ಹೀಲಿಯಂನವರು. “ನನ್ನ ಮಗನ ಗಣಿತದ ಪೇಪರ್ ತಂದು ತೋರಸ್ತಿದ್ನಲ್ರಿ.”

ಗೈಡ್ ನಗಲಿಲ್ಲ. “ಅಂಟು ಅಂಟಿಗೆ ತಗಲಿರಬೇಕು, ತಮ್ಮಾ. ಮ್ಯಾಗ್ನೆಟ್ ಹಾಕು.”

ತಂತಿಗಳನ್ನು ಹರಳಿಗೆ ಕೂಡಿಸುವ ಬೆಳ್ಳಿಯ ಅಂಟನ್ನು ನಾವು ಕೂದಲೆಳೆಯ ತುದಿಯಿಂದ ಇಡುತ್ತೇವೆ. ಒತ್ತಡಕ್ಕೆ ತಂತಿ ಸರಿದು ಒಂದರ ಅಂಟು ಇನ್ನೊಂದಕ್ಕೆ ತಗುಲಿದರೂ ಸೊನ್ನೆಯೇ ಬರುತ್ತದೆ. ಅಂಥ ಸುಳ್ಳು ಸೊನ್ನೆಗೆ ಹಿಂದೊಮ್ಮೆ ಪೇಢೆ ಹಂಚಿದ್ದೂ ಉಂಟು. ಆಯಸ್ಕಾಂತಕ್ಕೆ ಸುಳ್ಳು ಸೊನ್ನೆ ಕದಲುವುದಿಲ್ಲ. ನಿಜವಾದ ಜೋಡಿಗಳಾದರೆ ಮುರಿದು ತಡೆ ಮರಳುತ್ತದೆ.

ಮ್ಯಾಗ್ನೆಟ್ಟಿನ ಬಲ ಏರಿಸಿದೆ. ಗೆರೆ ನಿಧಾನವಾಗಿ ಸೊನ್ನೆ ಬಿಟ್ಟು ಮೇಲೆದ್ದಿತು. ಇಳಿಸಿದೆ, ತಿರುಗಿ ಸೊನ್ನೆಗೆ ಬಂತು. ಗೈಡ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು. “ಖರೇ ಅದ,” ಎಂದರು.

ಒತ್ತಡ ಇಳಿಸಿ ತೆಗೆದಾಗ ಹರಳು ಪುಡಿಯಾಗಿತ್ತು. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಅದೇ ಬಗೆಯ ಹರಳು ಬೆಳೆಸಿ ನಾನು ಇಂದಿಗೂ ಒತ್ತುತ್ತಿದ್ದೇನೆ. ಉಬ್ಬು ಹೋಗುತ್ತದೆ; ಸೊನ್ನೆ ಮಾತ್ರ ಬರುವುದಿಲ್ಲ. ಒಂದೇ ಸಲ ಬಂದ ಗೆರೆಯನ್ನು ಯಾರೂ ಒಪ್ಪುವುದಿಲ್ಲ. ಒಪ್ಪಲೂಬಾರದು. ಪುಣೆಯದೇ ಖರಾಡಿಯ ಮನೆಯಲ್ಲಿ ಒಬ್ಬನೇ ಉಣ್ಣುವಾಗ ನನಗೇ ಅನುಮಾನ ಬರುತ್ತದೆ. ಆಗ ದೌಂಡಿಗೆ ಫೋನ್ ಮಾಡುತ್ತೇನೆ.

“ಎದ್ದಿತ್ತಲ್ರಿ ಸರ,” ಎನ್ನುತ್ತದೆ ಆ ಕಡೆಯ ದನಿ. “ಮೇಡಂ ಕುರ್ಚಿ ಹಿಡ್ಕೊಂಡಿದ್ರು. ಊಟ ಆತೇನ್ರಿ?”

ನನ್ನೊಂದಿಗೆ ಅದನ್ನು ಕಂಡು ಇನ್ನೂ ಬದುಕಿರುವವರು ಅವರೊಬ್ಬರೇ: ಅಂದು ಹೀಲಿಯಂ ತುಂಬಿಸಿದ, ಈಗ ದೌಂಡಿನಲ್ಲಿ ಮಗನ ಮನೆಯಲ್ಲಿರುವ ಕಲಬುರಗಿಯವರು.